ಆರು ಲ್ಯಾಪ್‌ಟಾಪು, ಒಬ್ಬ ಅಂಜುಬುರುಕ

ಎದೆನೋವು ಬಂದ ದಿನ ಆಟೋ ಬಾಗಿಲಿಗೆ ಬಂದು ನಿಂತಿದ್ದರೂ ಅವರು ಮನೆಯೊಳಗೆ ವಾಪಸು ಹೋಗಿ ಮೇನ್ ಸ್ವಿಚ್ ಆಫ್ ಮಾಡಿದರಂತೆ. ಗ್ಯಾಸಿನ ರೆಗ್ಯುಲೇಟರ್ ತಿರುಗಿಸಿ, ಎರಡು ಬೀಗ ಹಾಕಿ, ಎರಡನ್ನೂ ಎಳೆದು ನೋಡಿ, ಆಮೇಲೆ ಆಟೋ ಹತ್ತಿದರಂತೆ. ವಿಶಾಖಪಟ್ಟಣದ ಅಂಚಿನ ಪೆಂಡುರ್ತಿಯಲ್ಲಿ ಅವರ ಪಕ್ಕದ ಮನೆಯ ಹೆಂಗಸು ಇದನ್ನು ಹೇಳುವಾಗ ಅಳುತ್ತಿದ್ದಳು. ನನಗೆ ಮೊದಲು ನಗು ಬಂತು, ಆಮೇಲೆ ಅಳು. ಆಸ್ಪತ್ರೆಯಿಂದ ಅವರು ವಾಪಸು ಬರಲಿಲ್ಲ. ಇದು ಹೋದ ತಿಂಗಳ ಮಾತು.

ಹೆಸರು ಬರೆಯುವುದಿಲ್ಲ. ಪಾರ್ಸೆಲ್ ಬಂದರೆ ಮೇಲಿನ ಚೀಟಿಯನ್ನು ನೀರಲ್ಲಿ ನೆನೆಸಿ, ತಮ್ಮ ಹೆಸರನ್ನು ಉಜ್ಜಿ ಅಳಿಸಿ, ಆಮೇಲೆ ಡಬ್ಬಿ ಬಿಸಾಡುತ್ತಿದ್ದ ಮನುಷ್ಯ ಅವರು. ಯಾರ ಕೈಗೆ ಸಿಕ್ಕು ಏನಾಗುತ್ತದೋ ಎಂಬ ಭಯ. ಈಗ ನಾನು ಇದನ್ನು ಬರೆದು ಅವರ ಹೆಸರು ಅಚ್ಚು ಹಾಕಿಸಿದರೆ ಎಲ್ಲಿದ್ದರೂ ಬೆಚ್ಚಿಬಿದ್ದಾರು.

ಧಾರವಾಡದ ಕಡೆಯವರು. ಬ್ಯಾಂಕಿನ ಕೆಲಸದ ಮೇಲೆ ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದು, ನಿವೃತ್ತಿಯಾದ ಮೇಲೂ ಇಲ್ಲೇ ಉಳಿದುಕೊಂಡವರು. ಬ್ಯಾಂಕಿನಲ್ಲಿ ಅವರು ನೋಡಿಕೊಳ್ಳುತ್ತಿದ್ದದ್ದು ಕಂಪ್ಯೂಟರು, ವೈರು, ಯುಪಿಎಸ್ ಬ್ಯಾಟರಿ. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಎಂವಿಪಿ ಕಾಲೋನಿಯ ಗ್ರಂಥಾಲಯಕ್ಕೆ ದಿನಾ ಪೇಪರ್ ಓದಲು ಬಸ್ಸಿನಲ್ಲಿ ಬರುತ್ತಿದ್ದರು. ಮಧ್ಯಾಹ್ನ ಹೋಗುವಾಗ ನನ್ನ ಕರ್ರಿ ಪಾಯಿಂಟಿಗೆ ಬಂದು ಸಣ್ಣ ಕ್ಯಾರಿಯರ್ ಚಾಚುತ್ತಿದ್ದರು. ನಮ್ಮ ಕಡೆಯವರಿಗೆ ಕರ್ರಿ ಪಾಯಿಂಟ್ ಅಂದರೆ ತಿಳಿಯಲಿಕ್ಕಿಲ್ಲ: ಅನ್ನ ಮನೆಯಲ್ಲಿ ಮಾಡಿಕೊಂಡು ಪಲ್ಯ, ಪುಳುಸು ಎಂಬ ಹುಳಿ, ಪಪ್ಪು ಎಂಬ ತೊವ್ವೆ ಮಾತ್ರ ಕೊಂಡೊಯ್ಯುವ ಅಂಗಡಿ. ಆಂಧ್ರದಲ್ಲಿ ಬೀದಿಗೆ ಎರಡಿವೆ. ನನ್ನದು ಗಂಡ ಹೋದ ಮೇಲೆ ಒಂದು ಸ್ಟೌ, ಎರಡು ಪಾತ್ರೆಯಿಂದ ಶುರುವಾದದ್ದು. ನಾನು ದಾವಣಗೆರೆಯವಳು, ಸೇರಿದ್ದು ತೆಲುಗು ಮನೆಗೆ. ಒಂದು ದಿನ ತಂಗಿಯ ಜೊತೆ ಫೋನಿನಲ್ಲಿ ಜಗಳವಾಡುತ್ತಿದ್ದೆ. ಅವರು ಕ್ಯಾರಿಯರ್ ಹಿಡಿದು ನಿಂತವರು, “ಅಕ್ಕಾರ, ಬೈಗುಳಾ ಎಷ್ಟು ಚಂದ ಕೇಳಸ್ತಾವ್ರೀ ಕನ್ನಡದಾಗ. ಹನ್ನೆರಡು ವರ್ಷ ಆತು ಕೇಳಿ,” ಅಂದರು. ಪರಿಚಯ ಅಂದಿನಿಂದ.

ಏನನ್ನೇ ಮುಟ್ಟುವುದಿದ್ದರೂ ಅವರು ಮೊದಲು ಬೆರಳುಗಳ ಹಿಂಬದಿಯಿಂದ ತಟ್ಟಿ ನೋಡುತ್ತಿದ್ದರು. ಫ್ರಿಜ್ಜು, ಗ್ರೈಂಡರು, ಬಾಗಿಲ ಚಿಲಕ, ಕಡೆಗೆ ನನ್ನ ಸ್ಟೀಲಿನ ಕೌಂಟರು ಕೂಡ. ಅಂಗೈಯಿಂದ ಮುಟ್ಟಿದರೆ ಶಾಕ್ ಹೊಡೆದಾಗ ಕೈ ತಾನಾಗಿ ಮುಚ್ಚಿಕೊಂಡು ವಸ್ತುವನ್ನೇ ಹಿಡಿದುಬಿಡುತ್ತದಂತೆ. ಹಿಂಬದಿಯಾದರೆ ಕಿತ್ತುಕೊಂಡು ಬರುತ್ತದಂತೆ. ಎರಡನೇ ವಾರಕ್ಕೆ ಅವರ ಕಣ್ಣು ನನ್ನ ಡೀಪ್ ಫ್ರೀಜರಿನ ಹಿಂದಿನ ಎಕ್ಸ್‌ಟೆನ್ಷನ್ ಬೋರ್ಡಿನ ಮೇಲೆ ಬಿತ್ತು.

“ಅದನ್ನ ಬದಲಸ್ರಿ.”

“ಬದಲಾಯಿಸೋಣ ಬಿಡ್ರಿ ಸಾರ್. ಈವತ್ತು ಗುತ್ತಿವಂಕಾಯ, ನಮ್ಮ ಎಣ್ಣೆಗಾಯಿ, ಚೆನ್ನಾಗಿದೆ, ಹಾಕಲಾ?”

“ಅದು ಇರೂತನಕ ನಾ ಒಳಗ ಬರಂಗಿಲ್ರಿ.”

ಮೂರು ದಿನ ರಸ್ತೆಯ ಆಚೆ ಬದಿಯಲ್ಲಿ ನಿಂತು ಬೋರ್ಡನ್ನು ನೋಡಿ ಹೋದರು. ಹಸಿದುಕೊಂಡು ಹೋದರೋ ಬೇರೆಲ್ಲಿ ತಿಂದರೋ ಗೊತ್ತಿಲ್ಲ. ನನಗೆ ರೇಗಿತು. ಗಿರಾಕಿ ಹೋಗಬಾರದು ಎಂದು ಬೋರ್ಡ್ ಕಿತ್ತು ನೋಡಿದರೆ ಹಿಂದೆ ಗೋಡೆಯ ಸುಣ್ಣ ಅಂಗೈ ಅಗಲ ಕಪ್ಪಾಗಿತ್ತು. ಅದನ್ನು ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಮತ್ತೆ ಒಂದು ವಾರ ಬರುತ್ತಿರಲಿಲ್ಲ.

ನಾನು ಇನ್ನೊಂದು ಜಾತಿ. ಬೆಳಗಾದರೆ ರೈತು ಬಜಾರಿನ ತರಕಾರಿಯವರ ಹತ್ತಿರ ಚೌಕಾಸಿ ಮಾಡುವವಳು. ಭಯಪಟ್ಟವರಿಗೆ ವ್ಯಾಪಾರ ಹತ್ತುವುದಿಲ್ಲ ಎಂದು ನಂಬಿದ್ದವಳು. ನನ್ನದೊಂದು ಸೂತ್ರವಿತ್ತು: ಬೆಲೆ ಇಳಿಯುವುದು ನಿಂತ ಕಡೆ ವಸ್ತು ಕೇಳಬೇಕು. ಟೊಮ್ಯಾಟೊದವನು ಇನ್ನು ಇಳಿಸುವುದಿಲ್ಲ ಅಂದರೆ ಒಂದು ಕಟ್ಟು ಕೊತ್ತಂಬರಿ ಎಳೆದುಕೊಳ್ಳುವುದು. ಕೊಡುವವನಿಗೆ ಅದು ದೊಡ್ಡದಲ್ಲ, ನಮಗೆ ಗೆದ್ದ ಹಾಗೆ. ಸೀರೆ, ಪಾತ್ರೆ, ಮನೆ ಬಾಡಿಗೆ ಎಲ್ಲಕ್ಕೂ ಇದೇ ಸೂತ್ರ ಹಾಕಿ ಗೆದ್ದಿದ್ದೆ, ಬೇರೆಯವರಿಗೂ ಕಲಿಸುತ್ತಿದ್ದೆ.

ಮಗಳು ಶ್ರಾವಣಿಗೆ ವಿಜಯವಾಡದ ಒಂದು ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಲ್ಯಾಪ್‌ಟಾಪ್ ಬೇಕೇ ಬೇಕು ಅಂದರು ಕಾಲೇಜಿನವರು. ನನಗೆ ಬದನೆಕಾಯಿಯ ಹುಳ ತೋರುತ್ತದೆಯೇ ಹೊರತು ಲ್ಯಾಪ್‌ಟಾಪಿನದಲ್ಲ. ಅವರನ್ನು ಕೇಳಿದೆ. ಮರುದಿನ ಎರಡು ಹಾಳೆ ಬರೆದುಕೊಂಡು ಬಂದರು, ಅಂಗಡಿಯ ಸ್ಟೂಲಿನ ಮೇಲೆ ಕೂತು ಪಾಠ ಮಾಡಿದರು.

ಅದರಲ್ಲಿ ನೆನಪಿರುವಷ್ಟು ಹೇಳುತ್ತೇನೆ, ಮಕ್ಕಳಿಗೆ ಕೊಳ್ಳುವವರು ಕೇಳಿಕೊಳ್ಳಿ. ಥಳಕಿನ ಹೊಸದಕ್ಕಿಂತ ಆಫೀಸಿನವರು ಮೂರು ವರ್ಷ ಬಳಸಿ ಬಿಟ್ಟ ಗಟ್ಟಿ ಮಾಡಲ್ ಮೇಲು. ಇಲ್ಲಿಯ ಋಷಿಕೊಂಡದ ಗುಡ್ಡದ ಐಟಿ ಆಫೀಸುಗಳಿಂದ ಅಂಥವು ಒಟ್ಟೊಟ್ಟಿಗೆ ಹೊರಬೀಳುತ್ತವೆ. ಮುಚ್ಚಳವನ್ನು ಒಂದೇ ಬೆರಳಿನಿಂದ ಎತ್ತಿ ನೋಡಬೇಕು. ಕೀಲು ಕಿರುಗುಟ್ಟಿದರೆ ಅಲ್ಲೇ ಬಿಡಬೇಕು. ಒಂದು ಮೂಲೆ ಹಿಡಿದು ಎತ್ತಿದರೆ ಮೈ ಬಾಗಬಾರದು. ಮೆಮೊರಿ ಆಮೇಲೆ ಹೆಚ್ಚಿಸಲು ಒಳಗೆ ಜಾಗ ಇದೆಯೇ ಕೇಳಬೇಕು. ಕೀಲಿಮಣೆಯ ಪ್ರತಿ ಗುಂಡಿಯನ್ನೂ ಒತ್ತಬೇಕು, ಅಂಗಡಿಯವನು ನಕ್ಕರೂ ಸರಿ. ಮಗಳು ಓದುವ ಊರಿನಲ್ಲೇ ಕಂಪನಿಯ ಸರ್ವಿಸ್ ಸೆಂಟರ್ ಇರಬೇಕು.

“ಮತ್ತ ಕೇಳ್ರಿಲ್ಲೆ,” ಹಾಳೆ ಮಡಿಚಿ ಅವರು ಧ್ವನಿ ತಗ್ಗಿಸಿದರು. “ಬ್ಯಾಟರಿ ಮಾತ್ರ ಅಂಗಡಿಯವನ ಕೈಲೆ ಬದಲಸಬ್ಯಾಡ್ರಿ. ಹಳೇದಿದ್ರ ಹಳೇದಾ ಇರ್ಲಿ. ಒಂದು ತಾಸು ನಡದ್ರೂ ಸಾಕು. ಆಮ್ಯಾಲೆ ಕಂಪನಿಯವ್ರ ಕಡೆನಾ ಹಾಕ್ಸೋಣು. ನನಗ ಅದೊಂದರ ಅಂಜಿಕಿ.”

“ನಿಮಗೆ ಯಾವುದರ ಅಂಜಿಕೆ ಇಲ್ಲ ಹೇಳಿ ಸಾರ್?”

“ಪಪ್ಪುದ್ದಿಲ್ರಿ,” ಅಂದರು. ಅವರು ತಮಾಷೆ ಮಾಡಿದ್ದು ನನಗೆ ಗೊತ್ತಿರುವಂತೆ ಎರಡೇ ಸಲ. ಬೈಗುಳದ್ದು ಒಂದು, ಇದು ಒಂದು.

ಅಡ್ಮಿಷನ್ನಿಗೆ ವಿಜಯವಾಡಕ್ಕೆ ಹೋದಾಗ ಸಾಲಿನಲ್ಲಿ ನಮ್ಮ ವಿಶಾಖಪಟ್ಟಣದವರೇ ಐದು ಮಂದಿ ತಂದೆತಾಯಂದಿರು ಸಿಕ್ಕರು. ಎಲ್ಲರಿಗೂ ಲ್ಯಾಪ್‌ಟಾಪಿನದೇ ಚಿಂತೆ. ನನ್ನ ತಲೆ ಓಡಿತು. ಒಂದು ಕೊಂಡರೆ ಒಂದು ಬೆಲೆ, ಆರು ಕೊಂಡರೆ ನಾವು ಹೇಳಿದ ಬೆಲೆ. “ನನ್ನ ಜೊತೆ ಬನ್ನಿ, ಮಾತು ನಾನಾಡ್ತೀನಿ,” ಅಂದೆ. ಒಂದು ಗಲ್ಲಿಯ ಸೆಕೆಂಡ್ ಹ್ಯಾಂಡ್ ಅಂಗಡಿಗೆ ಆರೂ ಮನೆಯವರನ್ನು ನುಗ್ಗಿಸಿದೆ. ಸಾರ್ ಹೇಳಿದ ಹಾಗೆ ಕೀಲು ನೋಡಿದೆ, ಮೂಲೆ ಹಿಡಿದೆ, ಗುಂಡಿ ಒತ್ತಿಸಿದೆ. ಬೆಲೆ ಇಳಿಸಿದೆ, ಇಳಿಸಿದೆ. ಕಡೆಗೆ ಅಂಗಡಿಯವನು ಕೈಮುಗಿದು ತೆಲುಗಿನಲ್ಲಿ ಅಂದ. “ಅಮ್ಮಗಾರೂ, ಇನ್ನು ಮೈಮೇಲಿನ ಅಂಗಿ ಒಂದೇ ಉಳಿದಿದೆ. ಬಿಚ್ಚಿಕೊಡಲಾ?”

“ನಿನ್ನ ಅಂಗಿ ಯಾರಿಗೆ ಬೇಕಯ್ಯಾ? ಆರಕ್ಕೂ ಹೊಸ ಬ್ಯಾಟರಿ ಹಾಕಿಕೊಡು.”

ಬಾಯಿಗೆ ಅದು ಅಭ್ಯಾಸದಂತೆ ಬಂದುಬಿಟ್ಟಿತು, ಕೊತ್ತಂಬರಿ ಕಟ್ಟು ಕೇಳಿದ ಹಾಗೆ. ಕೇಳಿದ ಮೇಲೆ ಸಾರ್ ಮಾತು ನೆನಪಾಯಿತು. ಆದರೆ ಅವನು ಒಪ್ಪಿಬಿಟ್ಟಿದ್ದ, ಐದು ಮಂದಿ ನನ್ನನ್ನು ಮೆಚ್ಚುಗೆಯಿಂದ ನೋಡುತ್ತಿದ್ದರು. ಗೆದ್ದದ್ದನ್ನು ವಾಪಸು ಕೊಡುವುದು ಹೇಗೆ? ಆರರ ಬೆನ್ನು ಬಿಚ್ಚಿ ಹೆಸರಿಲ್ಲದ ಕರಿ ಬ್ಯಾಟರಿಗಳನ್ನು ಕೂರಿಸಿದ. ಇನ್ನೊಂದು ಮಾತನ್ನೂ ಹೇಳಲೇಬೇಕು. ಉಳಿದವರು ಹೊರಗೆ ಹೋದ ಮೇಲೆ ಅವನು ಮೆಲ್ಲಗೆ, “ಐದು ಗಿರಾಕಿ ತಂದಿದ್ದೀರಿ,” ಎಂದು ನನ್ನ ಮಗಳದ್ದಕ್ಕೆ ಮಾತ್ರ ಮೆಮೊರಿ ಎರಡರಷ್ಟು ಮಾಡಿಕೊಟ್ಟ. ತೆಗೆದುಕೊಂಡೆ. ಯಾರಿಗೂ ಹೇಳಲಿಲ್ಲ.

ವಾಪಸು ಬಂದು ಸಾರ್‌ಗೆ ನನ್ನ ಸಾಹಸವನ್ನೆಲ್ಲ ವರ್ಣಿಸಿದೆ. ಅವರು ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದರು. “ಬ್ಯಾಟರಿ?”

“ಮುಟ್ಟಿಸಿಲ್ಲ ಸಾರ್,” ಅಂದೆ.

ಮುಂದಿನ ಏಪ್ರಿಲ್. ವಿಜಯವಾಡದ ಬಿಸಿಲು ಕಂಡವರಿಗೆ ಹೇಳಬೇಕಾಗಿಲ್ಲ. ಹಾಸ್ಟೆಲಿನ ಮೂರನೇ ಮಹಡಿಯಲ್ಲಿ ನಲ್ಲಿಯ ನೀರೇ ಚಹಾಕ್ಕೆ ಆಗುವಷ್ಟು ಬಿಸಿ. ಒಂದು ಭಾನುವಾರ ಬೆಳಿಗ್ಗೆ ಮಗಳ ಫೋನ್ ಬಂತು. ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಒತ್ತಿದರೆ ಟಕ್ ಅನ್ನುತ್ತಿಲ್ಲ, ಕೆಳಗಿನ ಮುಚ್ಚಳ ಸ್ವಲ್ಪ ಎದ್ದಿದೆ, ಬುಧವಾರ ಪ್ರಾಜೆಕ್ಟ್ ಕೊಡಬೇಕು. ನಾನು ಪುಳುಸಿಗೆ ಒಗ್ಗರಣೆ ಹಾಕುತ್ತಲೇ ಪರಿಹಾರ ಹೇಳಿದೆ. “ಬಿಸಿಲಿಗೆ ಪ್ಲಾಸ್ಟಿಕ್ ಎದ್ದಿರತ್ತೆ ಕಣೇ. ಮುಚ್ಚಿ ಮಂಚದ ಮೇಲಿಟ್ಟು ದಪ್ಪ ಪುಸ್ತಕ ಹೇರು. ಸಂಜೆ ಹೊತ್ತಿಗೆ ಕೂತ್ಕೊಳ್ಳತ್ತೆ. ಚಾರ್ಜಿಗೂ ಹಾಕಿಟ್ಟಿರು, ಸಮಯ ಉಳಿಯುತ್ತೆ.”

ಹನ್ನೆರಡಕ್ಕೆ ಸಾರ್ ಬಂದರು. ಕ್ಯಾರಿಯರಿಗೆ ಪಪ್ಪು ಹಾಕುತ್ತಾ ಮಾತಿನ ಮಧ್ಯೆ ಹೇಳಿದೆ, ಮಗಳದ್ದು ಹೀಗಾಗಿತ್ತು, ನಾನು ಹೀಗೆ ಉಪಾಯ ಮಾಡಿದೆ ಎಂದು. ಅವರು ತಟ್ಟಿ ನೋಡದೆಯೇ ಎರಡೂ ಅಂಗೈಗಳನ್ನು ಕೌಂಟರಿನ ಮೇಲೆ ಊರಿದರು.

“ಎಲ್ಲೈತಿ ಅದು ಈಗ?”

“ಮಂಚದ ಮೇಲೆ.”

“ಪುಸ್ತಕದ ಕೆಳಗ? ಚಾರ್ಜಿಗೆ ಹಚ್ಚಿ?”

“ಹೂಂ ಸಾರ್. ಯಾಕೆ?”

“ಅಕ್ಕಾರ, ಅದು ಕಂಪನಿ ಬ್ಯಾಟರಿ ಹೌದಲ್ರೀ?”

ನಾನು ಸೌಟು ಕೆಳಗಿಟ್ಟು ಅಲ್ಲವೆಂದು ತಲೆಯಾಡಿಸಿದೆ. ಅವರು ಮತ್ತೆ ಕೇಳಲಿಲ್ಲ. “ಫೋನ್ ಹಚ್ರಿ. ಉಬ್ಬಿದ್ದು ಪ್ಲಾಸ್ಟಿಕ್ ಅಲ್ರೀ, ಬ್ಯಾಟರಿ. ಒತ್ತಿದ್ರ ಹೊತ್ತಿಕೋತೈತಿ. ಹಚ್ರಿ ಫೋನು!”

ರಿಂಗಾಯಿತು. ಎತ್ತಲಿಲ್ಲ. ಮತ್ತೆ ಹಚ್ಚಿದೆ. ರೂಮಿನ ಇನ್ನೊಂದು ಹುಡುಗಿಗೆ ಜ್ವರ, ಮಲಗಿದ್ದಾಳೆ ಎಂದು ಬೆಳಿಗ್ಗೆ ಮಗಳು ಹೇಳಿದ್ದು ನೆನಪಾಯಿತು. ಎರಡೂ ಮಂಚದ ನಡುವೆ ಒಂದು ಮೊಳ ಜಾಗ. ವಾರ್ಡನ್ನಿನ ಫೋನು ಬೇರೆ ಯಾರ ಜೊತೆಗೋ ಮಾತಿನಲ್ಲಿತ್ತು. ಮಗಳಿಗೆ ಮತ್ತೆ ಹಚ್ಚಿದೆ. ನನ್ನ ಹೆಬ್ಬೆರಳು ಎಣ್ಣೆಗೆ ಜಾರುತ್ತಿತ್ತು. ಎದುರಿಗೆ ನಾಲ್ಕು ಗಿರಾಕಿಗಳು, ಒಬ್ಬಾಕೆ “ಆಂಟೀ, ಒಂದು ಪಪ್ಪು,” ಅನ್ನುತ್ತಿದ್ದಳು. “ಅಂಗಡಿ ಮುಚ್ಚಿದೆ, ಹೋಗಿ!” ಎಂದು ಕಿರುಚಿದೆ. ಇಷ್ಟು ವರ್ಷದಲ್ಲಿ ಬಾಗಿಲು ತೆರೆದಿಟ್ಟುಕೊಂಡು ನಾನು ಹಾಗೆ ಹೇಳಿದ್ದು ಅದೊಂದೇ ಸಲ. ಏಳನೇ ಸಲಕ್ಕೆ ಮಗಳು ಎತ್ತಿದಳು.

“ಏಂಟಮ್ಮಾ ಇಷ್ಟು ಸಲ? ಮೆಸ್ಸಲ್ಲಿ ಊಟ ಮಾಡ್ತಿದ್ದೆ. ಈಗ ರೂಮಿಗೆ ಬಂದೆ.”

ಸಾರ್ ನನ್ನ ಕೈಯಿಂದ ಫೋನ್ ಕಿತ್ತುಕೊಂಡು ಸ್ಪೀಕರಿಗೆ ಹಾಕಿದರು. ಅವರ ಧ್ವನಿ ನಡುಗುತ್ತಿತ್ತು, ಕಡೆಯವರೆಗೂ ನಡುಗುತ್ತಲೇ ಇತ್ತು. “ಯವ್ವಾ, ನಾನು ಬ್ಯಾಂಕಿನ ಅಂಕಲ್. ಅಂಜಬ್ಯಾಡ ಅಂತ ನಾ ಹೇಳಂಗಿಲ್ಲ. ಅಂಜು. ಅಂಜಿಕೋಂತನಾ ನಾ ಹೇಳಿದಷ್ಟು ಮಾಡು. ಮೊದಲು ಗ್ವಾಡಿ ಮ್ಯಾಲಿನ ಸ್ವಿಚ್ ತಗಿ. ಲ್ಯಾಪ್‌ಟಾಪ್ ಮುಟ್ಟಬ್ಯಾಡ.”

“ತೆಗೆದೆ ಅಂಕಲ್.”

“ಆ ಹುಡುಗೀನ್ನ ಎಬ್ಬಿಸಿ ಹೊರಗ ಕಳಸು. ಈಗ ಪುಸ್ತಕ ಒಂದೊಂದಾ ಎತ್ತು, ಹಗೂರಕ. ಹೊಗಿ ಐತೇನು? ವಾಸನಿ?”

“ಇಲ್ಲ.”

“ಬೆರಳಿನ ಹಿಂಬದಿಲೆ ಮುಟ್ಟಿ ನೋಡು. ಸುಡತೈತೇನು?”

“ಬೆಚ್ಚಗಿದೆ. ಸುಡ್ತಿಲ್ಲ. ಅಂಕಲ್, ಕೆಳಗೆ ದಿಂಬಿನ ಹಾಗೆ ಉಬ್ಬಿಬಿಟ್ಟಿದೆ. ಬೆಳಿಗ್ಗೆ ಇಷ್ಟಿರಲಿಲ್ಲ.”

ಸಾರ್ ಫೋನನ್ನು ಎದೆಗೆ ಒತ್ತಿ ಹಿಡಿದು ನನ್ನ ಕಡೆ ನೋಡಿದರು. “ಅಲ್ಲೇ ಬಿಟ್ಟು ಹೊರಗ ಬಾ ಅನ್ನಲ್ಯೋ, ಕೆಳಗ ತಗೊಂಡು ಬಾ ಅನ್ನಲ್ಯೋ? ಬಿಟ್ರ ಗಾದಿ ಮ್ಯಾಲೈತಿ, ಒಳಗ ಅಷ್ಟು ಹುಡುಗ್ಯಾರು. ತಂದ್ರ ಈಕಿ ಕೈಯಾಗ. ನೀವು ತಾಯಿ, ಹೇಳ್ರಿ.”

ಊರಿಗೆಲ್ಲ ಸಲಹೆ ಕೊಡುವ ನಾನು, “ನೀವೇ ಹೇಳಿ ಸಾರ್,” ಅಂದೆ. ಅವರು ಕಣ್ಣು ಮುಚ್ಚಿ, ತೆರೆದು, ಫೋನ್ ಎತ್ತಿದರು. “ಯವ್ವಾ, ಮೆಸ್ಸಿನ ಸ್ಟೀಲ್ ತಾಟು ಐತೇನು ರೂಮಿನ್ಯಾಗ? ಅದರ ಮ್ಯಾಲೆ ಇಡು. ಎರಡೂ ಕೈಲೆ ಹಿಡಕೊಂಡು ಕೆಳಗಿಳಿ. ಓಡಬ್ಯಾಡ. ಹೊಗಿ ಬಂತಂದ್ರ ತಾಟು ಅಲ್ಲೇ ಇಟ್ಟು ಓಡು. ಆವಾಗ ಓಡು.”

ಫೋನ್ ಅವಳ ಜೇಬಿನಲ್ಲಿತ್ತು. ಚಪ್ಪಲಿಯ ಸದ್ದು ಕೇಳುತ್ತಿತ್ತು, ತಟ್ಟೆಯ ಮೇಲೆ ಲ್ಯಾಪ್‌ಟಾಪ್ ಅಲುಗಾಡುವ ಸದ್ದು ಕೇಳುತ್ತಿತ್ತು. ಮೆಟ್ಟಿಲಲ್ಲಿ ಯಾರೋ “ಏಮಿಟೇ ಅದಿ?”, ಏನೇ ಅದು ಎಂದು ನಗುತ್ತಾ ಕೇಳಿದರು. “ಜರುಗು, ಜರುಗು,” ಎಂದಳು ಮಗಳು, ಅಳು ಬರುವ ಧ್ವನಿಯಲ್ಲಿ. ಮೂರು ಮಹಡಿ. ಒಂದೊಂದು ತಿರುವಿಗೂ ಸದ್ದು ಒಂದು ಕ್ಷಣ ನಿಲ್ಲುತ್ತಿತ್ತು. ಸಾರ್ ಸ್ಟೂಲಿನ ಅಂಚಿನಲ್ಲಿ ಕೂತು ಎರಡೂ ಮಂಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು.

“ಅಂಕಲ್, ಗ್ರೌಂಡಿನಲ್ಲಿ ಇಟ್ಟೆ. ಮಣ್ಣಿನ ಮೇಲೆ.”

“ನೀ ಎಷ್ಟು ದೂರ ಇದ್ದೀ?”

“ಇಲ್ಲೇ.”

“ಇಪ್ಪತ್ತು ಹೆಜ್ಜಿ ಹಿಂದ ಹೋಗು. ಎಣಸು, ನನಗ ಕೇಳಬೇಕು.”

“ಒಕಟಿ, ರೆಂಡು, ಮೂಡು…” ಹೆದರಿದಾಗ ನನ್ನ ಮಗಳು ಎಣಿಸುವುದು ತೆಲುಗಿನಲ್ಲಿ ಎಂದು ನನಗೆ ತಿಳಿದದ್ದು ಆವತ್ತು. ಇರವೈ, ಇಪ್ಪತ್ತು, ಅಂದಾಗ ನಾನು ಅಂಗಡಿಯ ನೆಲದ ಮೇಲೆ ಕೂತುಬಿಟ್ಟೆ. ಅಳುವೂ ನಗುವೂ ಒಟ್ಟಿಗೆ ಬಂದವು.

ಸಾರ್ ನಗಲಿಲ್ಲ. “ಅಕ್ಕಾರ, ಇನ್ನೂ ಐದು ಅದಾವು.”

ನಗು ಅಲ್ಲೇ ಒಣಗಿತು.

“ಹೊಸಾ ಬ್ಯಾಟರಿ ಆರಕ್ಕೂ ಹಾಕ್ಸೀರೇನು?”

“ನಾನೇ ಕೇಳಿ ಹಾಕಿಸಿದೆ ಸಾರ್. ಪುಕ್ಕಟೆ ಅಂತ.”

ಅವರು ತಲೆಯಾಡಿಸಿದರು, ಅಷ್ಟೇ. “ಫೋನ್ ಹಚ್ರಿ. ಸ್ವಿಚ್ ತಗದು, ಲ್ಯಾಪ್‌ಟಾಪ್ ಮುಚ್ಚಿ, ನುಣ್ಣನ್ನ ಟೈಲ್ಸಿನ ಮ್ಯಾಲಿಟ್ಟು ಒಂದು ಬೆರಳಲೆ ಮೂಲಿ ದೂಡಾಕ ಹೇಳ್ರಿ. ಬೆನ್ನು ಸಪಾಟ ಇದ್ರ ಜರಗತೈತಿ. ಬುಗುರಿಗತೆ ಗರ್ರಂತ ತಿರಗಿತಂದ್ರ ಉಬ್ಬೇತಿ.”

“ವಾಟ್ಸಾಪಿನಲ್ಲಿ ಬರೆದು ಹಾಕ್ತೀನಿ ಸಾರ್. ಗ್ರೂಪ್ ಇದೆ.” ನನಗೆ ಮಾತಾಡಲು ಭಯ. ನನ್ನನ್ನು ನಂಬಿ ಬಂದವರು. ಯಾಕಮ್ಮಾ, ಹೊಸ ಬ್ಯಾಟರಿ ಕೇಳಿದವಳು ನೀನೇ ಅಲ್ಲವಾ, ನಿನಗೇನು ಲಾಭ ಸಿಕ್ಕಿತು ಎಂದು ಒಬ್ಬರಾದರೂ ಕೇಳುತ್ತಾರೆ. ಬರೆದು ಹಾಕಿ ಫೋನ್ ಆಫ್ ಮಾಡಿಬಿಟ್ಟರೆ ಆ ಪ್ರಶ್ನೆಯಿಲ್ಲ.

“ಬರೀಬ್ಯಾಡ್ರಿ,” ಅಂದರು ಸಾರ್. ಆಮೇಲೆ ನೆಲ ನೋಡಿಕೊಂಡು ಹೇಳಿದರು. “ನಾ ಬ್ಯಾಂಕಿನ್ಯಾಗ ಬರದು ಕೆಟ್ಟೆ. ಯುಪಿಎಸ್ ಖೋಲ್ಯಾಗ ವಾಸನಿ ಬರಾಕತ್ತಿತ್ತು. ಚೀಟಿ ಬರದು ಮ್ಯಾನೇಜರ್ರ ಟ್ರೇದಾಗಿಟ್ಟೆ. ಬಾಯಿ ಬಿಟ್ಟು ಹೇಳಾಕ ಅವರಿಗೆ ಅಂಜಿದ್ದೆ. ಮೂರನೇ ದಿನಾ ವಾಚ್‌ಮನ್ ಬಾಗಲಾ ತೆಗದ, ಬ್ಯಾಟರಿ ಸಿಡೀತು. ಅವನ ಒಂದು ಕಣ್ಣು ಹೋತ್ರಿ.”

ಫೋನ್ ಹಚ್ಚಿದೆ. ತಂದೆತಾಯಂದಿರು ಮಕ್ಕಳಿಗೆ ಹೇಳಿ ನನಗೆ ತಿಳಿಸುತ್ತಾ ಹೋದರು. ಮೊದಲನೆಯದು ಜರುಗಿತು. ಎರಡನೆಯದು ತಿರುಗಿತು, ಹುಡುಗಿಯ ತಾಯಿ ಫೋನಿನಲ್ಲೇ ಅಳತೊಡಗಿದಳು, ಸಾರ್ ಆಕೆಗೂ ಮಣ್ಣು, ತಟ್ಟೆ, ಹೆಜ್ಜೆ ಎಲ್ಲ ಹೇಳಿದರು, ತಮ್ಮ ಕಂಗ್ಲಿಷ್ ತೆಲುಗಿನಲ್ಲಿ. ಮೂರು, ನಾಲ್ಕು ಜರುಗಿದವು. ಐದನೆಯವನು ಬೈಕ್ ಮೆಕ್ಯಾನಿಕ್. ಅವನ ಮಗ ವಿಜಯವಾಡದಲ್ಲಿ ಇನ್ನು ಮೂವರ ಜೊತೆ ಬಾಡಿಗೆ ರೂಮಿನಲ್ಲಿದ್ದ. ಮಾತು ಮುಗಿಸಲು ಬಿಡಲಿಲ್ಲ.

“ನೀನೇ ಅಲ್ವೇನಮ್ಮಾ ಬ್ಯಾಟರಿ ಹಾಕಿಸಿದ್ದು? ಅಂಗಡಿಯವನ ಹತ್ರ ಏನು ಹೊಡೆದೆ? ನಿಜ ಹೇಳು, ಆಮೇಲೆ ಕೇಳ್ತೀನಿ ನಿನ್ನ ಮಾತು.”

ಸಾರ್ ಎದುರಿಗೇ ಕೂತಿದ್ದರು. ಸ್ಪೀಕರ್ ಹಾಕಿತ್ತು.

“ಹೊಡೆದಿದ್ದೀನಣ್ಣಾ,” ಅಂದೆ. “ನಿಮ್ಮೈವರನ್ನು ಕರ್ಕೊಂಡು ಬಂದದ್ದಕ್ಕೆ ನನ್ನ ಮಗಳದ್ದಕ್ಕೆ ಮೆಮೊರಿ ಜಾಸ್ತಿ ಹಾಕಿಸಿಕೊಂಡೆ. ನಾಳೆ ಅಂಗಡಿಗೆ ಬಂದು ಬೈಯಿ. ಈಗ ಫೋನ್ ಇಟ್ಟು ಮಗನಿಗೆ ಸ್ವಿಚ್ ತೆಗಿ ಅನ್ನು. ಕೈಮುಗಿತೀನಿ.”

ಫೋನ್ ಕಡಿಯಿತು. ಇಪ್ಪತ್ತು ನಿಮಿಷ ಕಾದೆವು. ಪುಳುಸು ತಣ್ಣಗಾಗಿ ಮೇಲೆ ಎಣ್ಣೆ ಕಟ್ಟಿತು. ಆಮೇಲೆ ಮೆಕ್ಯಾನಿಕ್ ಫೋನ್ ಮಾಡಿದ. ತಿರುಗಿತಂತೆ. ಹುಡುಗ ಅದನ್ನು ಹಾಸಿಗೆಯಲ್ಲೇ ಇಟ್ಟುಕೊಂಡು ಮಲಗಿದ್ದನಂತೆ. ಈಗ ಖಾಲಿ ಸೈಟಿನಲ್ಲಿ ಇಟ್ಟಿದ್ದಾನೆ. “ನಾಳೆ ಹತ್ತು ಗಂಟೆಗೆ ಬರ್ತೀನಿ,” ಎಂದು ಹೇಳಿ ಇಟ್ಟ.

ಬ್ಯಾಟರಿ ಆರನ್ನೂ ಆ ವಾರವೇ ಕಂಪನಿಯವರಿಂದ ಬದಲಾಯಿಸಿದ್ದಾಯಿತು. ಲ್ಯಾಪ್‌ಟಾಪುಗಳು ಇವತ್ತಿಗೂ ನಡೆಯುತ್ತಿವೆ. ಅವರ ಎರಡು ಹಾಳೆಯಲ್ಲಿ ಒಂದು ಸಾಲೂ ತಪ್ಪಿರಲಿಲ್ಲ. ಆದರೆ ಅದೆಲ್ಲ ಆಮೇಲಿನ ಮಾತು. ಆ ಮಧ್ಯಾಹ್ನ ಸಾರ್ ಎದ್ದು ನಿಂತು ಕ್ಯಾರಿಯರಿನ ಮುಚ್ಚಳವನ್ನು ಮೂರು ಸಲ ಓರೆಯಾಗಿ ಕೂರಿಸಿದರು. ನಾನೇ ಹಾಕಿಕೊಟ್ಟೆ. ಸುಳ್ಳು ಹೇಳಿದ್ದಕ್ಕೆ ಬೈಯುತ್ತಾರೆ ಎಂದು ಕಾದೆ.

“ನಾಳೆ ಹತ್ತಕ್ಕಂದ್ರಲ್ರೀ ಅಂವ,” ಎಂದರು. “ದೊಡ್ಡ ಆಳೇನು?”

“ದೊಡ್ಡ ಆಳೇ ಸಾರ್.”

“ನಾನೂ ಬಂದು ಕೂಡ್ತೀನ್ರಿ.”

ಮರುದಿನ ಒಂಬತ್ತೂವರೆಗೇ ಬಂದು ಕೂತರು. ಮೆಕ್ಯಾನಿಕ್ ಹೇಳಿದ ಹೊತ್ತಿಗೆ ಬಂದ, ಹೆಂಡತಿಯನ್ನೂ ಭಾಮೈದನನ್ನೂ ಕರೆದುಕೊಂಡು. ರಸ್ತೆಗೆಲ್ಲ ಕೇಳುವ ಹಾಗೆ ಬೈದ. ಒಂದೊಂದು ಮಾತೂ ನನಗೆ ಸಲ್ಲಬೇಕಾದದ್ದೇ, ತಲೆ ತಗ್ಗಿಸಿ ಕೇಳಿದೆ. ಒಂದು ಹಂತದಲ್ಲಿ ಅವನು ಮುಷ್ಟಿಯಿಂದ ಕೌಂಟರ್ ಗುದ್ದಿದ, ಪಾತ್ರೆಗಳೆಲ್ಲ ಎಗರಿದವು. ಸಾರ್ ಬೆಚ್ಚಿ ಎದ್ದೇಬಿಟ್ಟರು. ಹೊರಟರು ಅಂದುಕೊಂಡೆ. ಸ್ಟೂಲನ್ನು ನನ್ನ ಕಡೆಗೆ ಇನ್ನಷ್ಟು ಎಳೆದುಕೊಂಡು ಮತ್ತೆ ಕೂತರು.